ಅಪ್‌ಡೇಟ್: ಹಾಲಿನ ಬಾಟಲಿಯೊಳಗಿನ ಬಿಳಿ ಪುಡಿ

ಮಗುವಿನ ಬಾಟಲಿ ಕುದಿಸಿದ ಮೇಲೆ ಒಳಗೆ ಬಿಳಿ ಪುಡಿ ಕೂರುತ್ತದೆ, ಅಪಾಯವೇ ಎಂದು ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ನಮ್ಮದು ಬೋರ್‌ವೆಲ್ ನೀರು, ಅದು ಬರೀ ಸುಣ್ಣದಂಶ. ವಿನಿಗರ್ ಬೆರೆಸಿದ ನೀರಲ್ಲಿ ನೆನೆಸಿ ತೊಳೆದರೆ ಹೋಯಿತು. ಈಗ ಆರ್‌ಒ ನೀರಲ್ಲೇ ಕುದಿಸುತ್ತೇನೆ.

ಜಾಸ್ತಿ ಉಪಯೋಗಕ್ಕೆ ಬಂದಿದ್ದು ಬೇರೆ ಸಲಹೆ: ಮೊದಲು ಚೆನ್ನಾಗಿ ತೊಳೆಯಬೇಕು, ಕುದಿಸುವುದು ಆಮೇಲೆ. ನಿಪ್ಪಲ್, ರಿಂಗ್, ಮುಚ್ಚಳ ಎಲ್ಲ ಬಿಚ್ಚಿ, ಸೋಪು ಹಾಕಿದ ಬಿಸಿನೀರಲ್ಲಿ ಬ್ರಷ್‌ನಿಂದ ಉಜ್ಜುತ್ತೇನೆ. ಹಾಲಿನ ಜಿಡ್ಡು ರಿಂಗಿನ ತಿರುಪಲ್ಲೇ ಅಡಗಿರುತ್ತದೆ ನೋಡಿ. ಸಿಂಕಿನೊಳಗೆ ಇಡುವುದಿಲ್ಲ, ಇದಕ್ಕೇ ಅಂತ ಒಂದು ಬೇಸಿನ್ ಇದೆ. ಆಮೇಲೆ ಒಳಗೆ ಗಾಳಿ ಉಳಿಯದಂತೆ ಪೂರ್ತಿ ಮುಳುಗಿಸಿ, ಕುದಿ ಬಂದ ಮೇಲೆ 5 ನಿಮಿಷ. ಅತ್ತೆ ಅರ್ಧ ಗಂಟೆ ಕುದಿಸುತ್ತಿದ್ದರು, ರಬ್ಬರ್ ನಿಪ್ಪಲ್ ಅಂಟಂಟಾಗಿಬಿಟ್ಟಿತ್ತು! ಬಟ್ಟೆಯಲ್ಲಿ ಒರೆಸುವುದನ್ನೂ ಬಿಟ್ಟಿದ್ದೇವೆ, ಹಾಗೇ ಗಾಳಿಗೆ ಒಣಗುತ್ತದೆ. ಸ್ಟೆರಿಲೈಸರ್ ಸದ್ಯಕ್ಕೆ ಕೊಂಡಿಲ್ಲ.