ಅಣಬೆ ತಿಂದಿತಾ, ಗಾಳಿಗೆ ಹಾರಿತಾ?

ರಘು ಮಾಮ: ಈ ವಿಡಿಯೋ ಎಲ್ಲರೂ ನೋಡಿ. ಕಾರ್ಖಾನೆಯ ಸಾಲ್ವೆಂಟ್ (ಜಿಡ್ಡು, ಬಣ್ಣ ಕರಗಿಸುವ ದ್ರವ) ಇಳಿದ ಮಣ್ಣಿಗೆ ಅಣಬೆ ಬೀಜ ಹಾಕಿದರೆ ಸಾಕಂತೆ. ಎಲ್ಲಾ ತಿಂದು ಕ್ಲೀನ್!

ನಾನು: ಮಾಮ, ಯಾವ ಸಾಲ್ವೆಂಟ್ ಅಂತ ಹೇಳಿದ್ದಾರಾ?

ರಘು ಮಾಮ: ಶುರುವಾಯಿತು ನೋಡಿ ಇವಳದ್ದು.

ವೀಣಾ ಅತ್ತೆ: ಅವಳು ಮಣ್ಣಿನ ಲ್ಯಾಬಲ್ಲಿ ಇದ್ದವಳು ರೀ, ಹೇಳಲಿ ಬಿಡಿ.

ನಾನು: ಪೂರ್ತಿ ಸುಳ್ಳಲ್ಲ. ಮರ ಕೊಳೆಸುವ ಶಿಲೀಂಧ್ರಗಳಿವೆಯಲ್ಲ, ಅವು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆಯಲು ಕಿಣ್ವಗಳನ್ನು ಹೊರಕ್ಕೆ ಬಿಡುತ್ತವೆ. ಆ ಕಿಣ್ವಗಳಿಗೆ ಇದೇ ಬೇಕು ಅನ್ನುವ ಹಟ ಇಲ್ಲ. ಫ್ಯಾನೆರೋಕೀಟೆ ಅನ್ನುವ ಜಾತಿ ಡಿಡಿಟಿ ಅನ್ನುವ ಕೀಟನಾಶಕವನ್ನೂ ಒಡೆಯುತ್ತದೆ ಅಂತ 1985ರಲ್ಲೇ ತೋರಿಸಿದ್ದರು.

ಕಿರಣ: ಹಾಗಾದರೆ ಮಾಮ ಗೆದ್ದರು!

ನಾನು: ತಡಿಯೋ. ಲೋಹದ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್ ತಗೋ. ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅಂತರ್ಜಲವನ್ನೂ ದಾಟಿ ಕೆಳಗೆ ಹೋಗಿ ಕೂರುತ್ತದೆ. ಈ ಅಣಬೆಗೋ ಆಮ್ಲಜನಕ ಬೇಕು. ಅಲ್ಲಿ ಎಲ್ಲಿಂದ ಬರಬೇಕು? ಅಂಥ ಜಾಗಕ್ಕೆ ಗಾಳಿ ಬೇಡದ ಬ್ಯಾಕ್ಟೀರಿಯಾನೇ ಸರಿ. (ಅವೂ ಅರ್ಧಕ್ಕೆ ನಿಂತರೆ ವಿನೈಲ್ ಕ್ಲೋರೈಡ್ ಉಳಿಯುತ್ತದೆ. ಅದು ಕ್ಯಾನ್ಸರ್ ತರುವಂಥದ್ದು.)

ರಘು ಮಾಮ: ಮಣ್ಣು ಅಗೆದು ಮೇಲೆ ತಂದು ಒಣಹುಲ್ಲಿನ ಜೊತೆ ಕಲಸುತ್ತಾರೆ ಕಣಮ್ಮ. ವಿಡಿಯೋ ಪೂರ್ತಿ ನೋಡಿದೆಯಾ?

ನಾನು: ನೋಡಿದೆ. ಕಲಸುವಾಗ ಮೂಗಿಗೆ ಬಡಿಯುವ ವಾಸನೆ ಇದೆಯಲ್ಲ, ಅದೇ ಸಾಲ್ವೆಂಟ್ ಮಾಮ! ನಾನೇ ಬೇಸ್ತು ಬಿದ್ದಿದ್ದೇನೆ. ಪೇಂಟ್ ತೆಳುವಾಗಿಸುವ ಸಾಲ್ವೆಂಟ್ ಟಾಲ್ಯೂಈನ್ ಬೆರೆಸಿದ ಮಣ್ಣು, ಎರಡು ತೆರೆದ ಟ್ರೇ. ಒಂದಕ್ಕೆ ಅಣಬೆಯ ಬಿಳಿ ನೂಲು ಹಬ್ಬಿದ ಹುಲ್ಲು. ಇನ್ನೊಂದಕ್ಕೆ ಅದೇ ಹುಲ್ಲು, ಆದರೆ ಬಿಸಿ ಮಾಡಿ ಅಣಬೆ ಸಾಯಿಸಿದ್ದು. ಮೊದಲ ಟ್ರೇಯಲ್ಲಿ ಟಾಲ್ಯೂಈನ್ ಮಾಯ. ಕುಣಿದಾಡಿಬಿಟ್ಟೆ. ಆಮೇಲೆ ಎರಡನೆಯದನ್ನು ಅಳೆದರೆ ಅಲ್ಲೂ ಮಾಯ.

ವೀಣಾ ಅತ್ತೆ: ಅಯ್ಯೋ, ಎಲ್ಲಾ ನೀನೇ ಉಸಿರಾಡಿದೆಯಾ?

ನಾನು: ಇಲ್ಲ ಅತ್ತೆ, ಹೊಗೆ ಎಳೆಯುವ ಗೂಡಿನೊಳಗೆ ಇಟ್ಟಿದ್ದೆ. ಹೊರಗಿನ ಗಾಳಿಗೆ ಹೋಯಿತು, ಅಷ್ಟೇ.

ರಘು ಮಾಮ: ಡೀಸೆಲ್ ಮಣ್ಣಲ್ಲಿ ಚಿಪ್ಪು ಅಣಬೆ ಬೆಳೆಸಿದ್ದರಲ್ಲ, ಅದೂ ಹಾರಿಹೋಯಿತಾ?

ನಾನು: ಡೀಸೆಲ್ ಅಷ್ಟು ಬೇಗ ಹಾರಲ್ಲ. ಅಲ್ಲಿ ಅಣಬೆಗೆ ನಿಜವಾಗಿ ಕೆಲಸ ಇದೆ. ಒಪ್ಪುತ್ತೇನೆ.

ಕಿರಣ: ಆ ಅಣಬೆ ತಿನ್ನಬಹುದಾ?

ನಾನು: ಬೇಡಪ್ಪಾ. ಮಣ್ಣಲ್ಲಿ ಸೀಸ, ಕ್ಯಾಡ್ಮಿಯಂ ಇದ್ದರೆ ಅದನ್ನು ಯಾವ ಕಿಣ್ವವೂ ಒಡೆಯಲ್ಲ. ಅಣಬೆಯೊಳಗೇ ಸೇರಿಕೊಳ್ಳುತ್ತದೆ.

ರಘು ಮಾಮ: ಅದಿರಲಿ. ಮುಚ್ಚಳ ಹಾಕಿ ಮಾಡಿ ನೋಡಲಿಲ್ಲವಾ?

ನಾನು: ಮಾಡಿದೆ. ಬಿಗಿಯಾಗಿ ಮುಚ್ಚಿದ ಬಾಟಲಿ. ಜೀವಂತ ಅಣಬೆ ಇದ್ದದ್ದರಲ್ಲಿ ಸ್ವಲ್ಪ ಜಾಸ್ತಿ ಇಳಿದಿತ್ತು. ಸ್ವಲ್ಪ.

ರಘು ಮಾಮ: ಇಳಿಯಿತು ತಾನೆ? ಸರಿ, ಆಫೀಸ್ ಗ್ರೂಪಿಗೂ ಹಾಕುತ್ತೇನೆ.