ಬೇಸ್‌ಮೆಂಟಿನ ಸಂಡಾಸ್ ಪಂಪ್ ಒಮ್ಮೆ ಎತ್ತತೈತಿ, ಒಮ್ಮೆ ಎತ್ತಂಗಿಲ್ಲ

ತಿಲಕವಾಡಿ, ಬೆಳಗಾವಿ:
ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನ್ಯಾಗ 4 ಫೂಟ್ ಉದ್ದ, 4 ಫೂಟ್ ಅಗಲ, 5 ಫೂಟ್ ಆಳದ ಗುಂಡಿ ಐತಿ. 1 ಎಚ್‌ಪಿ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಪಂಪ್, ಫ್ಲೋಟ್ ಸ್ವಿಚ್ (ನೀರಿನ್ಯಾಗ ತೇಲಿ, ನೀರು ಏರಿದ್ರ ಪಂಪ್ ಚಾಲೂ, ಇಳಿದ್ರ ಬಂದ್ ಮಾಡೂದು) ಪ್ಲಗ್ಗಿಗೇ ಜೋಡಿಸಿದ್ದು. 2 ಇಂಚಿನ ಪೈಪ್ 13 ಫೂಟ್ ಮ್ಯಾಲ ಹೋಗಿ ರಸ್ತೆ ಚೇಂಬರಿಗೆ ಕೂಡತೈತಿ. ಒಂದಿನ ತಾನ ಚಾಲೂ ಆಗತೈತಿ, ಇನ್ನೊಂದಿನ ಗುಂಡಿ ತುಂಬಿದ್ರೂ ಸುಮ್ಮ ಕುಂತಿರತೈತಿ. ಫ್ಲೋಟಿನ ವಾಯರ್ ಜಗ್ಗಿದ್ರ ಏಳತೈತಿ. ಕೆಲವೊಮ್ಮೆ ಐದು ನಿಮಿಷ ಓಡಿ ನಿಂತು, ಅರ್ಧಾ ತಾಸಿನ ಮ್ಯಾಲ ಮತ್ತ ಶುರು. ಎಂಸಿಬಿ ಬೀಳಂಗಿಲ್ಲ. ಕೆಪಾಸಿಟರ್ ಬದಲಿಸಿದ್ದಾತು. ಹೊಸಾ ಪಂಪ್ ತಗೊಳ್ಳೋಕಿಂತ ಮೊದಲ ಏನು ನೋಡಬೇಕ್ರಿ?

ಮೋಟಾರ್ ರಿವೈಂಡಿಂಗ್, ಬಾಗಲಕೋಟೆ:
ಪಂಪ್ ಈಗ ತಗೋಬ್ಯಾಡ್ರಿ. ನೀವು ಬರದದ್ದರಾಗ ಎರಡು ರೋಗ ಅದಾವು, ಅವನ್ನ ಕೂಡಿಸಿ ನೋಡಿದ್ರ ಯಾವುದೂ ಸಿಗಂಗಿಲ್ಲ.

ವಾಯರ್ ಜಗ್ಗಿದ್ರ ಏಳತೈತಿ ಅಂದ್ರ ಫ್ಲೋಟ್. ಗುಂಡಿ ತುಂಬಿ ಪಂಪ್ ಸುಮ್ಮಿದ್ದಾಗ ಫ್ಲೋಟಿನ ಪ್ಲಗ್ ಬಿಟ್ಟು ಪಂಪಿನ ಪ್ಲಗ್ ನೇರ ಸಾಕೆಟ್ಟಿಗೆ ಹಾಕ್ರಿ. ಓಡಿದ್ರ ತಪ್ಪು ಫ್ಲೋಟಿಂದ. ಆದ್ರ ಹಂಗ ಹಾಕಿದಾಗ ನೀರು ಮೋಟಾರಿಗಿಂತ ಕೆಳಗ ಇಳಿಯೂದರಾಗ ಕೈಲೇ ಬಂದ್ ಮಾಡ್ರಿ, ಈ ಮೋಟಾರ್ ತಣ್ಣಗಾಗೂದು ಸುತ್ತಲಿನ ನೀರಿನಿಂದನ.

ಫ್ಲೋಟ್ ತಗದು ತೊಳದು ಕಿವಿ ಹತ್ರ ಅಲ್ಲಾಡಿಸ್ರಿ. ಒಳಗ ಗುಂಡು ಉರುಳಿದ ಸದ್ದು ಬಂದ್ರ ಸರಿ. ನೀರು ಕುಲುಕಿದಂಗ ಕೇಳಿದ್ರ ಅದನ್ನ ರಿಪೇರಿ ಮಾಡಾಕ ಹೋಗಬ್ಯಾಡ್ರಿ, ಬದಲಿಸ್ರಿ. ಅದರ ವಾಯರಿಗೆ ಮಲ್ಟಿಮೀಟರ್ ಹಚ್ಚಿ ಫ್ಲೋಟನ್ನ ಹತ್ತು ಸಲ ಮ್ಯಾಲ ಕೆಳಗ ಮಾಡ್ರಿ, ಒಂದು ಸಲ ಸ್ವಿಚ್ ಕೂಡೂದು ತಪ್ಪಿದ್ರೂ ಕೆಟ್ಟಂಗ.

ಓಡಿ ನಿಂತು ಮತ್ತ ಏಳೂದು ವೈಂಡಿಂಗಿನ ಥರ್ಮಲ್ ಪ್ರೊಟೆಕ್ಟರ್ ಕೆಲಸ. ಬಿಸಿಯಾದ್ರ ಕಡಿತೈತಿ, ತಣ್ಣಗಾದ್ರ ಕೂಡತೈತಿ. ಅದಕ್ಕ ಎಂಸಿಬಿ ಬೀಳಂಗಿಲ್ಲ. ಓಡೂ ಮುಂದ ಫೇಸ್ ವಾಯರಿಗೆ ಕ್ಲ್ಯಾಂಪ್ ಮೀಟರ್ (ವಾಯರ್ ಸುತ್ತ ಹಿಡದು ಕರೆಂಟ್ ಅಳಿಯೂದು) ಹಾಕ್ರಿ. ನೇಮ್‌ಪ್ಲೇಟಿನ ಆಂಪಿಯರಿಗಿಂತ ಭಾಳ ಹೆಚ್ಚಿದ್ರ ಇಂಪೆಲರಿನ್ಯಾಗ (ನೀರು ತಳ್ಳೂ ಚಕ್ರ) ಅರಿವಿ, ಪ್ಯಾಡ್ ಸಿಕ್ಕಿರತೈತಿ, ಇಲ್ಲಾ ವೋಲ್ಟೇಜ್ ಕಮ್ಮಿ ಐತಿ. ವೋಲ್ಟೇಜನ್ನ ಪಂಪ್ ಓಡೂ ಮುಂದನ ನೋಡಬೇಕು. ನಿಂತಾಗ 230 ಇದ್ದದ್ದು, ಜಾಯಿಂಟ್ ಸುಟ್ಟಿದ್ರ ಲೋಡ್ ಬಿದ್ದ ಕೂಡಲೇ 190ಕ್ಕ ಇಳಿಯಬಹುದು. ಆಂಪಿಯರ್ ಭಾಳ ಕಮ್ಮಿ ಐತಿ, ನೀರೂ ಬರವಲ್ದು ಅಂದ್ರ ಏರ್ ಲಾಕ್, ಪಂಪಿನ್ಯಾಗ ಗಾಳಿ ಸಿಕ್ಕೊಂಡಿರತೈತಿ.

ವಿಜಯಪುರ:
ಮ್ಯಾಲಿನವ್ರು ಹೇಳಿದ್ದು ಖರೆ ಅದ. ಒಂದು ಮಾತು ಮಾತ್ರ ಯಾರೂ ಮರೀಬಾರ್ದು: ಗುಂಡಿಯೊಳಗ ಯಾರನ್ನೂ ಇಳಸಬ್ಯಾಡ್ರಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಾಗ ಕೂಡ್ತದ. ಹೆಚ್ಚಾದಾಗ ಮೂಗು ಮರಗಟ್ಟಿ ವಾಸನಿನೇ ತಿಳಿಯಂಗಿಲ್ಲ. ರಕ್ಷಣಾ ಸಾಮಾನಿಲ್ಲದ ಸೆಪ್ಟಿಕ್ ಟ್ಯಾಂಕು, ಗಟಾರಕ್ಕ ಮನಷ್ಯಾರನ್ನ ಇಳಸೂದು 2013ರ ಕಾಯ್ದೆ ಪ್ರಕಾರ ಅಪರಾಧನೂ ಅದ. ಎಂಸಿಬಿ ಬಂದ್ ಮಾಡಿ, ಪ್ಲಗ್ ತಗದು, ಸರಪಳಿಲೇ ಪಂಪ್ ಮ್ಯಾಲ ಎತ್ತಿ ಕೆಲಸ ಮಾಡ್ರಿ. ವಾಯರ್ ಹಿಡದು ಎತ್ತಬ್ಯಾಡ್ರಿ, ಗ್ಲ್ಯಾಂಡ್ (ವಾಯರ್ ಒಳಗ ಹೋಗೂ ಕಡೆ ನೀರು ತಡಿಯೂ ಬಿಗಿ) ಸಡ್ಲಾಗಿ ಮೋಟಾರಿಗೆ ನೀರು ಹೋಗ್ತದ.

ಏರ್ ಲಾಕಿಗೆ ಮದ್ದು: ಪಂಪು ಮತ್ತ ಎನ್‌ಆರ್‌ವಿ (ನೀರು ವಾಪಸ್ ಬರದಂಗ ತಡಿಯೂ ವಾಲ್ವ್) ನಡುವಿನ ಪೈಪಿಗೆ ಗುಂಡಿಯೊಳಗನ 3ರಿಂದ 5 ಮಿಲಿಮೀಟರ್ ತೂತು, ಬಾಯಿ ಕೆಳಮುಖ. ಓಡೂ ಮುಂದ ಅದರಿಂದ ನೀರು ಚಿಮ್ತದ, ಮುಚ್ಚಬ್ಯಾಡ್ರಿ.

ಎನ್‌ಆರ್‌ವಿನೂ ನೋಡ್ರಿ. 13 ಫೂಟ್ ಪೈಪಿನ್ಯಾಗ ಹಿಡಿಯೂದು ಸುಮಾರು 8 ಲೀಟರ್. ನಿಮ್ಮ ಗುಂಡಿಗೆ ಅದು ಅರ್ಧ ಸೆಂಟಿಮೀಟರ್ ಅಷ್ಟ. ಪಂಪ್ ನಿಂತ ಮ್ಯಾಲ ಯಾರೂ ನಳ ಬಿಡದಿದ್ರೂ ನೀರು ಗೇಣುಗಟ್ಟಲೆ ಏರಿದ್ರ, ತುಂಬಿದ ರಸ್ತೆ ಚೇಂಬರಿನ ನೀರು ವಾಪಸ್ ಬರ್ತಿರಬೇಕು, ಇಲ್ಲಾ ಮಳಿನೀರು ಗ್ವಾಡಿಯಿಂದ ಜಿನುಗ್ತಿರಬೇಕು. ಬೆಳಗಾವಿ ಮಳಿಯಾಗ ಎರಡೂ ಆಗೂವಂಥಾವೇ.

ತಿಲಕವಾಡಿ, ಬೆಳಗಾವಿ:
ನೋಡಿದ್ವಿರಿ. ಫ್ಲೋಟಿನ್ಯಾಗ ನೀರಿತ್ತು. ನೇಮ್‌ಪ್ಲೇಟಿನ್ಯಾಗ 7 ಆಂಪಿಯರ್, ಮೀಟರಿನ್ಯಾಗ 9.6. ಇಂಪೆಲರಿಗೆ ನೆಲಾ ಒರಸೂ ಅರಿವಿ ಸುತ್ತಿತ್ತು. ತಗದ ಮ್ಯಾಲ 6.5. ಹೊಸಾ ಫ್ಲೋಟಿನ ವಾಯರ್ ಎಷ್ಟು ಸಡ್ಲ ಬಿಡಬೇಕು?

ಮೋಟಾರ್ ರಿವೈಂಡಿಂಗ್, ಬಾಗಲಕೋಟೆ:
ಕಟ್ಟಿದಲ್ಲಿಂದ ಫ್ಲೋಟಿನತನಕ 15ರಿಂದ 20 ಸೆಂಟಿಮೀಟರ್. ಭಾಳ ಗಿಡ್ಡಾದ್ರ ಪಂಪ್ ಘಡಿಘಡಿ ಚಾಲೂ-ಬಂದ್ ಆಗಿ ಬಿಸಿಯಾಗತೈತಿ. ಉದ್ದಾದ್ರ ಗ್ವಾಡಿಗೆ, ಪೈಪಿಗೆ ತೊಡರತೈತಿ. ಒಂದು ಸಲ ಗುಂಡಿ ತುಂಬಿಸಿ, ಖಾಲಿ ಮಾಡಿ, ಫ್ಲೋಟ್ ಎಲ್ಲೂ ತಾಗದಂಗ ತಿರಗತೈತೇನು ಕಣ್ಣಾರೆ ನೋಡ್ರಿ.

ಪಂಪ್ ಮ್ಯಾಲೇ ಐತಿ ಅಂದ್ರ ಆಯಿಲ್ ಚೇಂಬರಿನ ಸ್ಕ್ರೂ ಸಡ್ಲಿಸಿ ಎರಡು ಹನಿ ಎಣ್ಣಿನೂ ತಗೀರಿ. ಹಾಲಿನಂಗ ಬೆಳ್ಳಗಾಗಿದ್ರ ನೀರು ಒಳಗ ಬರದಂಗ ತಡಿಯೂ ಸೀಲ್ ಹೋಗೈತಿ. ಹೊಸಾ ಸೀಲ್ ಹಾಕಿಸದ ಪಂಪ್ ಕೆಳಗ ಬಿಡಬ್ಯಾಡ್ರಿ.