ಬನಿಯನ್ ಶಸ್ತ್ರಚಿಕಿತ್ಸೆ: ಬೆರಳು ನೇರವಾದ ಮೇಲಿನ ಬದುಕು

ಶಾಲಾ ಶಿಕ್ಷಕಿ, ಹಾಸನ:
ನನ್ನ ಎಡಗಾಲಿನ ಹೆಬ್ಬೆರಳು ಎರಡನೆಯ ಬೆರಳಿನತ್ತ ವಾಲಿದ್ದು, ಅದರ ಬುಡದಲ್ಲಿ ಎದ್ದಿರುವ ಗಂಟಿನಿಂದಾಗಿ (ಇದನ್ನೇ ಬನಿಯನ್ ಎನ್ನುತ್ತಾರೆ) ಯಾವ ಚಪ್ಪಲಿಯೂ ಒಗ್ಗುತ್ತಿಲ್ಲ. ಬೆರಳುಗಳ ನಡುವೆ ಇಡುವ ಸಿಲಿಕಾನ್ ತುಂಡು, ಅಗಲವಾದ ಶೂ ಎಲ್ಲವನ್ನೂ ಬಳಸಿ ನೋಡಿದ ಮೇಲೆ ವೈದ್ಯರು ಶಸ್ತ್ರಚಿಕಿತ್ಸೆ ಸೂಚಿಸಿದ್ದಾರೆ. ಆಮೇಲಿನ ದಿನಚರಿ ಹೇಗಿರುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಬ್ಯಾಂಕ್ ಉದ್ಯೋಗಿ, ಬೆಂಗಳೂರು:
ನನಗೆ ಮೂಳೆಯನ್ನು ಕತ್ತರಿಸಿ, ಸರಿಸಿ, ಸ್ಕ್ರೂ ಹಾಕಿದ್ದರು. ಹಿಮ್ಮಡಿಯ ಮೇಲಷ್ಟೇ ಭಾರ ಬೀಳುವ ಪಾದರಕ್ಷೆಯಲ್ಲಿ ಕಳೆದ ಮೊದಲ ವಾರಗಳು ಕಠಿಣವಾಗಿದ್ದವು. ಸಂಜೆಯ ಊತ ತಿಂಗಳುಗಟ್ಟಲೆ ಇತ್ತು. ಈಗ ಗಾಯದ ಪಕ್ಕದಲ್ಲಿ ಸ್ವಲ್ಪ ಜೋಮು ಬಿಟ್ಟರೆ ಬೇರೇನೂ ತೊಂದರೆಯಿಲ್ಲ. ಧೈರ್ಯವಾಗಿ ಮಾಡಿಸಿಕೊಳ್ಳಿ ಮೇಡಂ.

ಕೃಷಿಕ, ತೀರ್ಥಹಳ್ಳಿ:
ಇಷ್ಟು ಸಲೀಸಾಗಿ ಧೈರ್ಯ ಹೇಳುವುದು ಸರಿಯಲ್ಲ. ನನ್ನ ತಾಯಿಯವರ ಎಕ್ಸ್‌ರೇ ನೋಡಿದ ವೈದ್ಯರು ಫಲಿತಾಂಶ ಅತ್ಯುತ್ತಮ ಎಂದರು. ಆದರೆ ಹೆಬ್ಬೆರಳು ಮಡಚುವುದೇ ಇಲ್ಲವಾದ್ದರಿಂದ ಅಮ್ಮ ಕುಕ್ಕರಗಾಲಿನಲ್ಲಿ ಕೂತು ಏಳಲಾರರು, ಅಡಿಕೆ ಹೆಕ್ಕಲಾರರು. ನೋವು ಹೋಯಿತು, ಕೆಲಸವೂ ಹೋಯಿತು.

ಮೂಳೆ ವೈದ್ಯ, ಮೈಸೂರು:
ನಿಮ್ಮ ತಾಯಿಯವರಿಗೆ ಹೆಬ್ಬೆರಳ ಬುಡದ ಕೀಲನ್ನೇ ಬೆಸೆದಿರಬಹುದು. ಕೀಲು ಪೂರ್ತಿ ಸವೆದಾಗ ಹಾಗೆ ಮಾಡುವುದುಂಟು. ನೋವು ಶಮನವಾದರೂ ಅಲ್ಲಿನ ಚಲನೆ ಶಾಶ್ವತವಾಗಿ ನಿಲ್ಲುತ್ತದೆ. ಲ್ಯಾಪಿಡಸ್ ಎಂಬ ವಿಧಾನದಲ್ಲಿಯೂ ಬೆಸುಗೆಯಿದೆ, ಆದರೆ ಅದು ಪಾದದ ಮಧ್ಯಭಾಗದ ಕೀಲಿಗೆ. ಶೆವ್ರಾನ್, ಸ್ಕಾರ್ಫ್ ವಿಧಾನಗಳಲ್ಲಿ ಮೂಳೆಯನ್ನಷ್ಟೇ ಕತ್ತರಿಸಿ ಸರಿಸುತ್ತಾರೆ. ಫಿನ್ಲೆಂಡ್‌ನಲ್ಲಿ 209 ಮಂದಿಯನ್ನು ಶಸ್ತ್ರಚಿಕಿತ್ಸೆ, ಶೂ ಒಳಗಿನ ಆಧಾರ ಮತ್ತು ಬರೀ ಕಾಯುವಿಕೆ ಎಂಬ ಮೂರು ಗುಂಪುಗಳಾಗಿ ವಿಂಗಡಿಸಿ ನಡೆಸಿದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಧಾರವು ಅಲ್ಪಾವಧಿಯ ಉಪಶಮನವನ್ನಷ್ಟೇ ನೀಡಿತು; ವರ್ಷದ ಕೊನೆಯಲ್ಲಿ ಶಸ್ತ್ರಚಿಕಿತ್ಸೆಯ ಗುಂಪೇ ಮುಂದಿತ್ತು.

ಕೃಷಿಕ, ತೀರ್ಥಹಳ್ಳಿ:
ಡಾಕ್ಟರೇ, ಫಿನ್ಲೆಂಡಿನವರು ನೆಲದ ಮೇಲೆ ಕೂತು ಊಟ ಮಾಡುತ್ತಾರೆಯೇ?

ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ:
ಪ್ರಶ್ನೆ ಒರಟಾಗಿದ್ದರೂ ನ್ಯಾಯವಾದದ್ದೇ. ಪಾದದ ಶಸ್ತ್ರಚಿಕಿತ್ಸೆಯ ಫಲವನ್ನು ಅಳೆಯಲು ವ್ಯಾಪಕವಾಗಿ ಬಳಸುವ ಮ್ಯಾಂಚೆಸ್ಟರ್–ಆಕ್ಸ್‌ಫರ್ಡ್ ಪ್ರಶ್ನಾವಳಿಯಲ್ಲಿ 16 ಪ್ರಶ್ನೆಗಳಿವೆ: ನಡಿಗೆ, ನಿಲ್ಲುವುದು, ರಾತ್ರಿಯ ನೋವು, ಪಾದದ ಅಂದದ ಬಗೆಗಿನ ಮುಜುಗರ ಎಲ್ಲವೂ ಇದೆ. ಕುಕ್ಕರಗಾಲಿನಲ್ಲಿ ಕೂರುವುದು, ಬರಿಗಾಲಿನಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ನಡೆಯುವುದು, ಉಂಗುಟದ ಚಪ್ಪಲಿ ಮೆಟ್ಟುವುದು ಅದರಲ್ಲಿ ಇಲ್ಲ. ಹಾಗಾಗಿ ಒಳ್ಳೆಯ ಅಂಕ ಪಡೆದವರೂ ನಮ್ಮಲ್ಲಿ ಅತೃಪ್ತರಾಗಿರಬಹುದು. ಇನ್ನೊಂದು ಮಾತು: ಕೀಲನ್ನು ಬೆಸೆಯದಿದ್ದರೂ, ವೈದ್ಯರು ಅನುಮತಿಸಿದ ಮೇಲೆ ಬೆರಳು ಬಗ್ಗಿಸುವ ವ್ಯಾಯಾಮವನ್ನು ಅಲಕ್ಷಿಸಿದರೆ ಅದು ಬಿಗಿದುಕೊಳ್ಳಬಹುದು.

ಮೂಳೆ ವೈದ್ಯ, ಮೈಸೂರು:
ಒಪ್ಪುತ್ತೇನೆ. ಭಾರವು ಎರಡನೆಯ ಬೆರಳಿನ ಬುಡಕ್ಕೆ ವರ್ಗವಾಗಿ ಅಲ್ಲಿ ಹೊಸ ನೋವು ಹುಟ್ಟಬಹುದು, ವರ್ಷಗಳ ನಂತರ ಬೆರಳು ಮತ್ತೆ ವಾಲಬಹುದು ಎಂಬುದನ್ನೂ ಸೇರಿಸುತ್ತೇನೆ. ನೋವಿಲ್ಲದೆ, ಅಂದಕ್ಕಾಗಿ ಮಾತ್ರ ಬಂದವರನ್ನು ನಾನು ಹಿಂದಕ್ಕೆ ಕಳುಹಿಸುತ್ತೇನೆ. ಮೇಡಂ, ನಿಮ್ಮ ಯಾವ ಕೀಲನ್ನಾದರೂ ಬೆಸೆಯುತ್ತಾರೆಯೇ ಎಂದು ನಿಮ್ಮ ವೈದ್ಯರನ್ನು ಮೊದಲು ಕೇಳಿ.

ಶಾಲಾ ಶಿಕ್ಷಕಿ, ಹಾಸನ:
ಕೇಳುತ್ತೇನೆ. ಏಪ್ರಿಲ್‌ನಲ್ಲಿ ರಜೆ ಆರಂಭವಾದೊಡನೆ ಮಾಡಿಸಿಕೊಂಡರೆ ಶಾಲೆ ತೆರೆಯುವಷ್ಟರಲ್ಲಿ ತರಗತಿಯಲ್ಲಿ ನಿಲ್ಲಬಹುದೇ?

ಬ್ಯಾಂಕ್ ಉದ್ಯೋಗಿ, ಬೆಂಗಳೂರು:
ದಿನವಿಡೀ ನಿಲ್ಲುವುದು ಕಷ್ಟ. ಕತ್ತರಿಸಿದ ಮೂಳೆ ಕೂಡಲು ಸುಮಾರು 6 ವಾರ ಸಾಕಾಗಬಹುದು, ಊತಕ್ಕೆ ಅಷ್ಟು ಸಾಲದು. ದಸರಾ ರಜೆಯವರೆಗೆ ಕುಳಿತು ಪಾಠ ಮಾಡಲು ಮುಖ್ಯೋಪಾಧ್ಯಾಯರಿಂದ ಈಗಲೇ ಒಪ್ಪಿಗೆ ಪಡೆದುಕೊಳ್ಳಿ.